ಹೆಣ್ಣಿನ ಕಡೆಯ ಕುದುರೆ

ನಮ್ಮ ಸೋದರಮಾವ ಕುದುರೆ ಕಟ್ಟಿದ್ದಾನೆ ಎಂದು ಶೇಡಬಾಳದವರು ಹೇಳುತ್ತಾರೆ. ಶುದ್ಧ ಸುಳ್ಳು! ಕುದುರೆಯೇ ಅವನನ್ನು ಕಟ್ಟಿಹಾಕಿದೆ. ಹಗ್ಗದ ಯಾವ ತುದಿಯಲ್ಲಿ ಯಾರಿದ್ದಾರೆ ಎಂದು ಸರಿಯಾಗಿ ನೋಡಬೇಕಷ್ಟೆ.

ಮಾಮಾ ಸೈನ್ಯದಿಂದ ನಿವೃತ್ತ. ಕುದುರೆ ಅಲಖನೂರಿನ ಗಾಡಿ ಓಟದ ಶರ್ಯತ್ತಿನಿಂದ ನಿವೃತ್ತ. ಇಬ್ಬರಿಗೂ ಪಟಾಕಿಯೆಂದರೆ ಆಗದು. ಗಡಿಕಾವಲಿನಿಂದ ಬಂದ ಮೇಲೆ, ಎಲ್ಲಿಯಾದರೂ ಪಟಾಕಿ ಸಿಡಿದರೆ ಮಾಮಾ ಉಣ್ಣುವ ತಾಟು ಬಿಟ್ಟು ಹೊರಸಿನ ಕೆಳಗೆ ಸೇರುತ್ತಿದ್ದ. ಯಾರೂ ನಗುತ್ತಿರಲಿಲ್ಲ. ಮದುವೆಗಳಿಗೆ ಹೋಗುವುದನ್ನಂತೂ ಬಿಟ್ಟೇಬಿಟ್ಟಿದ್ದ.

ಈ ಹೆಣ್ಣುಗುದುರೆ ಬಂದ ಮೇಲೆ ಹೊಸ ಹುಚ್ಚು: ಅದಕ್ಕೆ ಕವಾಯತು! "ಸಾವಧಾನ್!" ಎಂದರೆ ಕುದುರೆ ನಾಲ್ಕೂ ಕಾಲೂರಿ ನಿಲ್ಲಬೇಕು. ಅದಕ್ಕೆ ಮೊದಲು ಮಾಮಾ ತನ್ನ ಉಸಿರು ಇಳಿಸಬೇಕಂತೆ.

"ನನ್ನ ಎದಿ ಡಬಡಬ ಅಂದ್ರ ಅಕಿದೂ ಡಬಡಬ ಅಂತೈತಿ. ಅಕಿ ಸಲುವಾಗಿರೆ ನಾ ಸುಮ್ನ ನಿಂದ್ರಬೇಕು."

ನಾನು ಮನಃಶಾಸ್ತ್ರ ಓದಿದವನು, ಬಿಡುತ್ತೇನೆಯೇ? "ಇದಕ್ಕ ಪುರಾವೆ ಏನೈತಿ ಮಾಮಾ?"

"ಅಕಿ ಹಿಂದ ಹೋಗಿ ನಿಂದ್ರಲೇ, ಸಿಗತೈತಿ!"

ಅಷ್ಟರಲ್ಲಿ ಮಾಮಾನ ಮಗಳ ಮದುವೆ ಗೊತ್ತಾಯಿತು. "ಅಪ್ಪ ಇರಲಾರದ ಅಕ್ಕಿಕಾಳು ಬೀಳೂದು ಬ್ಯಾಡ," ಎಂದು ಮಗಳು ಹಟ ಹಿಡಿದಳು. ಪಟಾಕಿ ಬೇಡವೆಂದು ಬೀಗರಿಗೆ ಹೇಳಿದೆವು. ವರನ ಗೆಳೆಯರಿಗೆ ಹೇಳುವವರು ಯಾರು?

ಮಾಮಾ ಬಂದ, ಕುದುರೆಯೊಂದಿಗೆ! ಹಂದರದ ಅಂಚಿನಲ್ಲಿ ಹಗ್ಗ ಹಿಡಿದು ನಿಂತ.

"ವರ ಹತ್ತೂ ಕುದುರೀ ಏನ್ರಿ?" ಎಂದರು ಬೀಗರು.

"ಅಲ್ರಿ, ಇಕಿ ಹೆಣ್ಣಿನ ಕಡೇಕಿ," ಎಂದಳು ಮಾಮಿ.

ಮುಂದಿನದನ್ನು ನಾವ್ಯಾರೂ ಯೋಚಿಸಿರಲಿಲ್ಲ. ನಮ್ಮ ಗಡಿಸೀಮೆಯ ಮದುವೆಗಳಲ್ಲಿ ಮಂಗಲಾಷ್ಟಕದ ಪ್ರತಿ ನುಡಿಯೂ "ಶುಭಮಂಗಲ ಸಾವಧಾನ" ಎಂದೇ ಮುಗಿಯುತ್ತದೆ. ಆಚಾರ್ಯರು ಮೊದಲ ಸಲ ಹಾಗೆಂದರೋ ಇಲ್ಲವೋ, ಕುದುರೆ ಕಲ್ಲಾಯಿತು! ಪಕ್ಕದಲ್ಲಿ ಮಾಮಾನ ಹಿಮ್ಮಡಿಗಳೂ ಟಕ್ಕನೆ ಕೂಡಿಕೊಂಡವು. ಜನ ಅಕ್ಷತೆಯ ಅಕ್ಕಿಕಾಳು ಎರಚುವುದು, ಇವರಿಬ್ಬರು ಸೆಟೆದು ನಿಲ್ಲುವುದು. ಹಂದರವೆಲ್ಲ ನಗೆ.

ಕೊನೆಯ "ಸಾವಧಾನ"ಕ್ಕೆ ಪಟಾಕಿ ಸರವೇ ಸಿಡಿಯಿತು.

ನಗೆ ನಿಂತಿತು. ಕುದುರೆಯ ಕಿವಿಗಳು ಹಿಂದಕ್ಕೆ ಮಡಚಿಕೊಂಡವು, ಮೈ ಅದುರಿತು. ಮುಂದೆಯೇ ಮಕ್ಕಳು, ಮುದುಕಿಯರು ಕೂತಿದ್ದರು. ಮಾಮಾನ ಮುಖ ಬೂದಿ. ಮಾಮಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಾಮಾ ಉದ್ದಕ್ಕೆ ಉಸಿರು ಬಿಟ್ಟ. ಗದರದೆ, ಕೂಸಿಗೆ ಹೇಳುವಂತೆ, "ಸಾವಧಾನ್... ನಾ ಅದೀನಿ," ಎಂದ.

ಕುದುರೆ ನಿಂತಿತು. ಅವನೂ ನಿಂತ. ಅದು ತಲೆ ತಗ್ಗಿಸಿ ಅವನೆದೆಗೆ ಒರಗಿತೆಂದು ನನ್ನ ನೆನಪು. "ಅಲ್ಲೋ, ಅವರೇ ಅಕಿಗೆ ಒರಗಿದ್ರು," ಎನ್ನುತ್ತಾಳೆ ಮಾಮಿ. ನೆನಪನ್ನು ನಂಬಬೇಡಿ ಎಂದು ಊರಿಗೆಲ್ಲ ಉಪದೇಶ ಮಾಡುವ ನಾನು ಯಾವ ಬಾಯಿಂದ ವಾದಿಸಲಿ?

ಹೊಗೆ ಸರಿಯುವ ಮೊದಲೇ ಮಗಳು ಬಾಸಿಂಗ ಕಟ್ಟಿಕೊಂಡೇ ಮಂಟಪದಿಂದ ಇಳಿದು ಬಂದಳು.

"ಅಪ್ಪಾ, ನಿನ್ನ ಅಕ್ಕಿಕಾಳು ಬಿದ್ದಿಲ್ಲ."

ಹಗ್ಗ ಹಿಡಿದ ಮುಷ್ಟಿಯನ್ನು ಅವನು ಬಿಚ್ಚಿದ. ಅಕ್ಕಿಯೆಲ್ಲ ಬೆವರಿಗೆ ಅಂಗೈಗೇ ಅಂಟಿಕೊಂಡಿತ್ತು. ಆ ಕೈಯನ್ನು ಅವಳು ತನ್ನ ನೆತ್ತಿಯ ಮೇಲೆ ಎಳೆದುಕೊಂಡು, "ಸಾವಕಾಶ ಹಾಕಪಾ," ಎಂದಳು.