ಕ್ರೇನ್ ಹತ್ತಿದ ಪೊಟ್ಯಾಸಿಯಂ

ಎಲ್ಲ ಶುರುವಾದದ್ದು ಸ್ಟೋರ್ ಕೀಪರನ ಅಕ್ಕರೆಯಿಂದ. ಕ್ರೇನ್ ಆಪರೇಟರನಿಗೆ ಬಿ.ಪಿ. ಇತ್ತು. ಹಾರ್ಮೋನು, ಕೊಲೆಸ್ಟರಾಲು, ಸೋಡಿಯಂ, ಪೊಟ್ಯಾಸಿಯಂ ಎಲ್ಲ ಸರಿಯಿದ್ದರೆ ಕ್ರೇನು, ಇಲ್ಲದಿದ್ದರೆ ನೆಲ ಎಂದು ಕಂಪನಿಯ ಡಾಕ್ಟರು ಪಟ್ಟು ಹಿಡಿದಿದ್ದರು. ಸಂಜೆ ತೆಗೆದ ರಕ್ತವನ್ನು ಲ್ಯಾಬಿನವರು ಬೆಳಿಗ್ಗೆ ಒಯ್ಯುವವರಿದ್ದರು. ನಮ್ಮವನ ರಕ್ತ ಕೆಡಬಾರದೆಂದು ಸ್ಟೋರ್ ಕೀಪರ್ ಆ ಟ್ಯೂಬನ್ನು ಫ್ರೀಜರಿನಲ್ಲಿ ಮಲಗಿಸಿದ.

ಆಪರೇಟರನಿಗೆ ಕ್ರೇನಿನ ಕ್ಯಾಬಿನ್ ಎಂದರೆ ಪ್ರಾಣ. ಮನೆಯಲ್ಲಿ ಅತ್ತೆ, ಕೆಲಸದಲ್ಲಿ ಮೇಸ್ತ್ರಿ, ಊಟಕ್ಕೆ ಕೂತರೆ ಸ್ಟೋರ್ ಕೀಪರ್, ಎಲ್ಲರೂ ಅವನಿಗೆ ಬುದ್ಧಿ ಹೇಳುವವರೇ. ಅಷ್ಟು ಎತ್ತರಕ್ಕೆ ಮಾತ್ರ ಯಾರ ಬುದ್ಧಿವಾದವೂ ಹತ್ತುತ್ತಿರಲಿಲ್ಲ.

ಮಾರನೆಯ ಮಧ್ಯಾಹ್ನ ಕಬ್ಬಿಣದ ತೊಲೆಯೊಂದು ಗಾಳಿಯಲ್ಲಿ ತೂಗುತ್ತಿದ್ದಾಗ ವಾಕಿಟಾಕಿಯಲ್ಲಿ ಮೇಸ್ತ್ರಿಯ ದನಿ ಬಂತು.

"ನೋಡಪ್ಪ, ಗಾಬರಿ ಆಗ್ಬೇಡ. ಲ್ಯಾಬಿಂದ ಫೋನ್ ಬಂದಿತ್ತು. ನಿನ್ನ ಪೊಟ್ಯಾಸಿಯಂ ಸಿಕ್ಕಾಪಟ್ಟೆ ಏರಿದೆಯಂತೆ. ಹೃದಯ ಯಾವಾಗ ಬೇಕಾದ್ರೂ ನಿಲ್ಬಹುದಂತೆ."

"ಇಳಿದು ಬರ್ಲಾ?"

"ಬೇಡ ಮಾರಾಯ. ಕೂತಲ್ಲಿಂದ ಅಲ್ಲಾಡ್ಬಾರ್ದಂತೆ."

"ಮತ್ತೆ ಈ ತೊಲೆ?"

ಮೇಸ್ತ್ರಿ ತಲೆಯೆತ್ತಿ ನೋಡಿದ. ತೊಲೆ ಅವನ ನೆತ್ತಿಯ ಮೇಲೇ ಇತ್ತು. "ಅದೊಂದನ್ನ ಇಳಿಸ್ಬಿಟ್ಟು ಆಮೇಲೆ ಅಲ್ಲಾಡ್ಬೇಡ" ಎಂದ.

ಆಪರೇಟರನ ಕೈ ಬೆವರಿ ಕ್ರೇನಿನ ಹಿಡಿಕೆ ಜಾರತೊಡಗಿತು. ಹೇಗೋ ತೊಲೆಯನ್ನು ನೆಲಕ್ಕೆ ಮುಟ್ಟಿಸಿದ. ಅಷ್ಟರಲ್ಲಿ ಕೆಳಗೆ ವಾಕಿಟಾಕಿ ಕೈಯಿಂದ ಕೈಗೆ ದಾಟಿತ್ತು.

"ಇವತ್ತು ಬಾಳೆಹಣ್ಣು ತಿಂದ್ಯಾ?" ವೆಲ್ಡರ್ ಕೇಳಿದ.

"ಎರಡು ತಿಂದೆ."

"ಮುಗೀತು ಬಿಡು. ಅದ್ರಲ್ಲಿ ಬರೀ ಪೊಟ್ಯಾಸಿಯಮ್ಮೇ."

ಸ್ವಲ್ಪ ಹೊತ್ತಿಗೆ, ಸುದ್ದಿ ಕೇಳಿ ಓಡಿಬಂದಿದ್ದ ಅತ್ತೆಯ ದನಿಯೂ ಮೇಲೇರಿ ಬಂತು. "ಉಪ್ಪು ಕಮ್ಮಿ ಮಾಡಿ ಅಂತ ಬಡ್ಕೊಂಡೆ ಅಳಿಯಂದ್ರೇ. ನನ್ನ ಮಾತು ಯಾರು ಕೇಳ್ತಾರೆ."

ಅವನು ಎದೆಯ ಮೇಲೆ ಕೈಯಿಟ್ಟು, ಒಂದೊಂದು ಬಡಿತವನ್ನೂ ಕೊನೆಯದೇ ಇರಬೇಕೆಂದು ಕೇಳಿಸಿಕೊಳ್ಳುತ್ತ ಕುಳಿತ. ಹೆಂಡತಿ ಮಕ್ಕಳ ಮುಖ ಕಣ್ಣ ಮುಂದೆ ಬಂದು ಅಳುವೇ ಬಂತು. ಅಗ್ನಿಶಾಮಕದವರು ಬಂದು ಅವನನ್ನು ಗಂಟುಮೂಟೆಯಂತೆ ಹಗ್ಗದಲ್ಲಿ ಕಟ್ಟಿ ಇಳಿಸಿದರು.

ಕೆಳಗೆ ಕಾದಿದ್ದ ಡಾಕ್ಟರು ಅವನ ಇ.ಸಿ.ಜಿ. ತೆಗೆದು ನೋಡಿದರು. ಏನೂ ತೊಂದರೆಯಿರಲಿಲ್ಲ. ಅವರಿಗೆ ಅನುಮಾನ ಬಂತು.

"ರಾತ್ರಿ ರಕ್ತ ಎಲ್ಲಿಟ್ಟಿದ್ರಿ?"

"ಫ್ರೀಜರಲ್ಲಿ ಸಾರ್" ಎಂದ ಸ್ಟೋರ್ ಕೀಪರ್, ಹೆಮ್ಮೆಯಿಂದ. "ಕಲ್ಲಾಗಿತ್ತು. ನಾನೇ ಬಿಸಿನೀರಲ್ಲಿಟ್ಟು ಕರಗಿಸಿ ಕೊಟ್ಟೆ."

ಡಾಕ್ಟರು ಹಣೆ ಚಚ್ಚಿಕೊಂಡರು. "ಹಾಗ್ ಮಾಡಿದ್ರೆ ರಕ್ತದ ಕಣ ಒಡೆದು ಒಳಗಿನ ಪೊಟ್ಯಾಸಿಯಮ್ಮೆಲ್ಲ ಹೊರಗೆ ಬರುತ್ತೆ ಕಣಯ್ಯ. ಏರಿದ್ದು ಟ್ಯೂಬಿಂದು, ಇವನದಲ್ಲ."

ಹೊಸದಾಗಿ ರಕ್ತ ತೆಗೆದರು. ಸಂಜೆಯೊಳಗೆ ಉತ್ತರ ಬಂತು. ಪೊಟ್ಯಾಸಿಯಂ ಸರಿ, ಸೋಡಿಯಂ ಸರಿ, ಕೊಲೆಸ್ಟರಾಲು ಸರಿ, ಹಾರ್ಮೋನೂ ಸರಿ. ಆಪರೇಟರನಿಗೆ ಹೋದ ಜೀವ ಬಂದಂತಾಯಿತು. ಹೆಲ್ಮೆಟ್ ತೊಟ್ಟು ಹೊರಟೇಬಿಟ್ಟ.

"ಇರಪ್ಪ, ಬಿ.ಪಿ. ಒಂದು ನೋಡ್ಬಿಡೋಣ" ಎಂದು ಡಾಕ್ಟರು ತೋಳಿಗೆ ಪಟ್ಟಿ ಸುತ್ತಿದರು. ಪಾದರಸ ಏರಿತು. ಇನ್ನೂ ಏರಿತು. ಡಾಕ್ಟರು ಮತ್ತೊಮ್ಮೆ, ಮಗದೊಮ್ಮೆ ನೋಡಿದರು.

"ಸಾರ್, ಇದೂ ಫ್ರೀಜರಿಂದೇ ಇರ್ಬೇಕು" ಎಂದ ಆಪರೇಟರ್, ಬಿಕ್ಕುತ್ತ.

"ಇಲ್ಲಪ್ಪ. ಇದು ಮಾತ್ರ ನಿಂದೇ. ಇಷ್ಟಿಟ್ಕೊಂಡು ಹತ್ತೋ ಹಾಗಿಲ್ಲ. ಕೆಲವು ತಿಂಗಳು ಕೆಳಗೇ ಇರು, ಮನಸ್ಸಿಗೆ ನೆಮ್ಮದಿ ಬೇಕು."

ಮರುದಿನ ಅವನನ್ನು ಸ್ಟೋರಿಗೆ ಹಾಕಿದರು. ಸ್ಟೋರ್ ಕೀಪರ್ ತನ್ನ ಪಕ್ಕದ ಕುರ್ಚಿಯ ಧೂಳು ಒರೆಸಿ ಕೂರಿಸಿಕೊಂಡ.

"ಈ ಬಿ.ಪಿ.ಗೆ ಏನ್ಮಾಡ್ಬೇಕು ಅಂತ ನಾನ್ ಹೇಳ್ತೀನಿ ಕೇಳು" ಎಂದ.