ಮಾವನ ರಾಜ್ಯಕ್ಕೆ ಚೆಕ್ಕುಬಂದಿ

ನನ್ನ ಮಾವ ಒಂದು ರಾಜ್ಯವನ್ನು ರಾಕ್ಷಸರಿಂದ ಬಿಡಿಸಿ, ರಾಜನೇ ಮೆಚ್ಚಿ ಕೊಟ್ಟ ಕೋಟೆಯನ್ನು ಬೇಡವೆಂದು ಬಿಟ್ಟು ಬಂದವರು. ವೈರಾಗ್ಯದಿಂದ ಎಂದು ತಿಳಿಯಬೇಡಿ. ದಾಖಲೆ ಸರಿ ಇರಲಿಲ್ಲ!

ರಾಜ್ಯ ಇದ್ದದ್ದು ಕಂಪ್ಯೂಟರಿನೊಳಗೆ. ಮಾವ ಇದ್ದದ್ದು ಬಂಟ್ವಾಳದಲ್ಲಿ. ಅವರು ನನ್ನ ತಾಯಿಯ ಅಣ್ಣ. ಬಿ.ಸಿ. ರೋಡಿನ ಕಚೇರಿಗಳ ಎದುರು ಒಂದು ಮೇಜು, ಒಂದು ಬೆಂಚು ಹಾಕಿಕೊಂಡು ಮೂವತ್ತು ವರ್ಷ ದಸ್ತಾವೇಜು ಬರೆದವರು. ಕ್ರಯಪತ್ರ, ವೀಲುನಾಮೆ, ವಿಭಾಗಪತ್ರ, ಯಾವುದಾದರೂ ಸರಿ, ಅವರ ಕೈಯಿಂದ ಹೊರಟ ಮೇಲೆ ಅದರಲ್ಲಿ ಒಂದು ಅಲ್ಪವಿರಾಮ ಹಾಕುವ ಧೈರ್ಯ ವಕೀಲರಿಗೂ ಇರಲಿಲ್ಲ. ಪಕ್ಕದ ಝೆರಾಕ್ಸ್ ಅಂಗಡಿಯ ಹಮೀದಾಕ ಹೊಸ ಕಂಪ್ಯೂಟರ್ ತರಿಸಿದಾಗ ಹಳೆಯದನ್ನು ಮಾವ ಮನೆಗೆ ತಂದರು. ಇನ್ನು ಮುಂದೆ ಕೈಬರಹಕ್ಕೆ ಕಾಲವಿಲ್ಲ, ಟೈಪಿಂಗ್ ಕಲಿಯಬೇಕು ಎಂಬುದು ಊರಿಗೆ ಹೇಳಿದ ಕಾರಣ. ಆದರೆ ಅದರೊಳಗೆ ಯಾರೋ ತೆಗೆಯಲು ಮರೆತ ಸಿಡಿಯೊಂದಿತ್ತು. ಸಿಡಿಯಲ್ಲಿ ಒಂದು ಆಟವಿತ್ತು. ಕತ್ತಿ ಹಿಡಿದ ವೀರನೊಬ್ಬ ಊರೂರು ಅಲೆದು, ಸಿಕ್ಕಿದವರನ್ನೆಲ್ಲ ಮಾತಾಡಿಸಿ, ಅವರ ಕಷ್ಟಗಳನ್ನು ಮೈಮೇಲೆ ಎಳೆದುಕೊಂಡು, ಕೊನೆಗೆ ಡ್ರಾಗನ್ನನ್ನು ಕೊಲ್ಲಬೇಕು. ಮಾವ ಟೈಪಿಂಗ್ ಕಲಿಯಲಿಲ್ಲ.

ಆಟ ಪೂರ್ತಿ ಇಂಗ್ಲಿಷಿನಲ್ಲಿತ್ತು. ಮಾವನದ್ದು ಕನ್ನಡ ಶಾಲೆ, ಅದೂ ಎಂಟನೆಯವರೆಗೆ. ಆ ವರ್ಷ ನಾನು ಎಂ.ಎ. ಮುಗಿಸಿ, ಒಂದು ಕಾಲೇಜಿನ ಸಂದರ್ಶನದಲ್ಲಿ ಮೂರು ಜನರೆದುರು ಬಾಯಿಯೇ ಬಾರದೆ ಎದ್ದು ಬಂದಿದ್ದೆ. ಬೆಳ್ತಂಗಡಿಯ ನಮ್ಮ ಮನೆಯಲ್ಲಿ ಸಮಾಧಾನ ಹೇಳುವವರು ಹೆಚ್ಚಾದ್ದರಿಂದ ತಪ್ಪಿಸಿಕೊಂಡು ಮಾವನ ಮನೆ ಸೇರಿದ್ದೆ. ಒಂದು ಭಾನುವಾರ ಮಾವ ಕರೆದರು.

"ಇಲ್ಲಿ ಎಂತ ಬರ್ದದ್ದು ನೋಡು ಮಗಾ. ಜೋರಾಗಿ ಓದು, ಅಡುಗೆಮನೆಯಲ್ಲಿ ಅತ್ತೆಗೂ ಕೇಳ್ಲಿ."

ಓದಿದೆ. ಓದಿ, ತುಳುವಿಗೆ ತಿರುಗಿಸಿ ಹೇಳಿದೆ. ನಾನು ಬೆಳ್ತಂಗಡಿಗೆ ಮರಳಿದ ಮೇಲೂ ಪ್ರತಿ ಭಾನುವಾರ ಬೆಳಗ್ಗಿನ ಬಸ್ಸಿಗೆ ಬಂದು ಓದುವುದು ಎರಡು ವರ್ಷ ನಡೆಯಿತು. ರಾಜ, ಕಳ್ಳ, ಕಮ್ಮಾರ, ಮಾಟಗಾತಿ, ಎಲ್ಲರಿಗೂ ನನ್ನದೇ ಬಾಯಿ. ಮಾಟಗಾತಿ ನಮ್ಮ ಅಜ್ಜಿಯ ಹಾಗೆ ಬೈಯುತ್ತಿದ್ದಳು. ಡ್ರಾಗನ್ ಸ್ವಲ್ಪ ಸಂಕೋಚದ ಸ್ವಭಾವದ್ದು. ಅದು ನನ್ನ ದೋಷ.

ಬೇರೆಯವರು ಒಂದು ತಿಂಗಳಲ್ಲಿ ಮುಗಿಸುವ ಆಟಕ್ಕೆ ಎರಡು ವರ್ಷ ಯಾಕೆ ಬೇಕಾಯಿತು? ಮಾವ ಯಾವ ಊರಿಗೆ ಕಾಲಿಟ್ಟರೂ ಮೊದಲು ಅದರ ಗಡಿ ಸುತ್ತಿ ಬರುತ್ತಿದ್ದರು. ಪೂರ್ವಕ್ಕೆ ಗಾಣದ ಮನೆ, ಪಶ್ಚಿಮಕ್ಕೆ ಶಾಪಗ್ರಸ್ತ ಕಾಡು, ಉತ್ತರಕ್ಕೆ ಹೊಳೆ, ದಕ್ಷಿಣಕ್ಕೆ ಅಸ್ಥಿಪಂಜರಗಳ ಗುಡ್ಡೆ ಎಂದು ಹಸಿರು ಲೆಡ್ಜರ್ ಕಾಗದದಲ್ಲಿ ಚೆಕ್ಕುಬಂದಿ ಬರೆದ ಮೇಲೆಯೇ ವೀರ ಕತ್ತಿ ಹಿರಿಯಬೇಕು. ಅಸ್ಥಿಪಂಜರಗಳು ಅಷ್ಟರವರೆಗೆ ಸುಮ್ಮನಿರುವುದಿಲ್ಲವಲ್ಲ! ವೀರ ಗಡಿಯಲ್ಲೇ ಹನ್ನೆರಡು ಸಲ ಸತ್ತ. "ಸತ್ರೆ ಸಾಯ್ಲಿ, ಸರಹದ್ದು ಗೊತ್ತಾಯ್ತಲ್ಲ," ಎಂದರು ಮಾವ.

ಆಟವನ್ನು ಆಡಿದಲ್ಲಿಯವರೆಗೆ ಉಳಿಸಿಡುವುದಕ್ಕೆ ಎಲ್ಲರೂ ಸೇವ್ ಮಾಡುವುದು ಎನ್ನುತ್ತಾರೆ. ಮಾವ ರಿಜಿಸ್ಟ್ರಿ ಎನ್ನುತ್ತಿದ್ದರು. ರಿಜಿಸ್ಟ್ರಿ ಎಂದ ಮೇಲೆ ಎರಡು ಸಾಕ್ಷಿ ಬೇಡವೇ? ಒಂದು ನಾನು. ಇನ್ನೊಂದು ಸಾಕ್ಷಿ ನೀರುದೋಸೆಯ ಕಾವಲಿ ಬಿಟ್ಟು ಸಟ್ಟುಗದೊಂದಿಗೆ ಹಾಜರಾಗಬೇಕಿತ್ತು.

"ನೋಡಿದೆ, ಆಯ್ತಲ್ಲ," ಎನ್ನುತ್ತಿದ್ದರು ಅತ್ತೆ.

"ಎಂತ ನೋಡಿದ್ದು?"

"ಒಬ್ಬ ಗಂಡಸು ಕೆಲ್ಸ ಇಲ್ಲದೆ ನಿಂತದ್ದು."

"ಒಳಗೆ ಇದ್ದವನಾ, ಹೊರಗೆ ಇದ್ದವನಾ?" ಎಂದು ನಾನು ಕೇಳಲಿಲ್ಲ. ಕೇಳಬೇಕೆನಿಸಿತ್ತು.

ಕೊನೆಗೊಂದು ಭಾನುವಾರ ಡ್ರಾಗನ್ ಸತ್ತಿತು. ರಾಜ ಸಿಂಹಾಸನದಿಂದ ಇಳಿದು ಬಂದು, ಈ ಕೋಟೆ ಇನ್ನು ನಿನ್ನದು ಎಂದ. ನನ್ನ ಕಣ್ಣು ಒದ್ದೆಯಾಗಿತ್ತು. ಮಾವ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಮೊನ್ನೆ ತೋಟದಲ್ಲಿ ಒಬ್ಳು ಹೆಂಗಸು ಮಾತಾಡಿದ್ಳಲ್ಲ, ಅವ್ಳು ಯಾರು?"

"ರಾಜನ ತಂಗಿ."

"ಮಕ್ಕಳುಂಟಾ ಅವ್ಳಿಗೆ?"

"ಒಬ್ಬಳು ಮಗಳಿದ್ದಾಳೆ ಅಂತ ಬರೆದಿತ್ತು."

ಮಾವ ಮೌಸ್ ಬಿಟ್ಟು ಕೈಕಟ್ಟಿ ಕೂತರು. ನಮ್ಮ ಕಡೆಯ ಹಳೆಯ ಅಳಿಯಕಟ್ಟಿನಲ್ಲಿ ಆಸ್ತಿ ಹೋಗುವುದು ಮಗನಿಗಲ್ಲ, ತಂಗಿಯ ಮಕ್ಕಳಿಗೆ. "ಈ ರಾಜ್ಯದಲ್ಲಿ ಯಾವ ಕಟ್ಟು ಅಂತ ಎಲ್ಲಿಯೂ ಬರ್ದಿಲ್ಲ. ಅಳಿಯಕಟ್ಟಾದ್ರೆ ಇವ್ನಿಗೆ ಕೋಟೆ ಕೊಡ್ಲಿಕ್ಕೆ ಅಧಿಕಾರವೇ ಇಲ್ಲ. ತಂಗಿ, ತಂಗಿಯ ಮಗಳು, ಇಬ್ಬರ ಸಹಿಯೂ ಬೇಕು. ಬೇಡ ಹೇಳು."

ಆಟದಲ್ಲಿ 'ಬೇಡ' ಎಂಬ ಗುಂಡಿಯೂ ಇತ್ತು. ಒತ್ತಿದೆ. ವೀರ ಬರಿಗೈಯಲ್ಲಿ ಸೂರ್ಯಾಸ್ತದ ಕಡೆಗೆ ನಡೆದುಹೋದ. ಭೂಮಂಡಲದಲ್ಲಿ ಆ ಗುಂಡಿ ಒತ್ತಿದ ಮೊದಲ ಮನುಷ್ಯರು ನಾವೇ ಇರಬೇಕು.

ಈಗ ಮುಂದಿನ ಪ್ರಶ್ನೆ: ಇನ್ನು ಯಾವ ಆಟ?

ಇದು ಎಷ್ಟು ದೊಡ್ಡ ಪ್ರಶ್ನೆ ಎಂದು ತಿಳಿಯಬೇಕಾದರೆ ಹಮೀದಾಕನ ಮಗ ರಿಯಾಜನ ಪೆಟ್ಟಿಗೆಯ ವಿಷಯ ಹೇಳಬೇಕು. ರಿಯಾಜ್ ಇದ್ದದ್ದು ದುಬೈಯಲ್ಲಿ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಬರುತ್ತಿದ್ದ. ನಮ್ಮ ಕಡೆ ಗಲ್ಫಿನಿಂದ ಬರುವವನ ಪೆಟ್ಟಿಗೆ ಅವನೊಬ್ಬನದ್ದಲ್ಲ, ನೆರೆಕರೆಯದ್ದು. ಒಂದು ಮನೆಗೆ ಒಂದು ಸಾಮಾನು. ಬದಲಾಯಿಸುವಂತಿಲ್ಲ, ಎರಡನೆಯದು ಕೇಳುವಂತಿಲ್ಲ. ಹೊರಡುವ ಮೊದಲಿನ ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಅವನು ಝೆರಾಕ್ಸ್ ಅಂಗಡಿಗೆ ಫೋನ್ ಮಾಡುತ್ತಾನೆ. ಆಗ ಹೇಳಿದ್ದೇ ಕೊನೆಯ ಮಾತು. ಮಾವನ ಪಾಲಿಗೆ ಒಂದು ಸಿಡಿ, ಇನ್ನೆರಡು ವರ್ಷಕ್ಕೆ!

ಆ ಶುಕ್ರವಾರಕ್ಕೆ ಇನ್ನೂ ಮೂರು ವಾರವಿತ್ತು. ಹಳೆಯ ಕಂಪ್ಯೂಟರ್ ಪತ್ರಿಕೆಗಳನ್ನು ಹರಡಿಕೊಂಡು ಮಾವ ಮೂರು ಆಟಗಳನ್ನು ಆರಿಸಿದರು. ಮನೆಯಲ್ಲಿ ಮದುವೆ ಮಾತುಕತೆಯಷ್ಟೇ ಸಂಭ್ರಮ. ಮಾವ ಊಟದ ನಡುವೆ ಎದ್ದು ಹೋಗಿ ಚಿತ್ರಗಳನ್ನು ಮತ್ತೆ ನೋಡಿ ಬರುತ್ತಿದ್ದರು. ಮೊದಲನೆಯದು ಹಡಗಿನ ಮೇಲೆ ನಡೆಯುವ ಕಥೆ. ಒಂದೇ ದಿನದಲ್ಲಿ ಬಿದ್ದುಹೋಯಿತು. "ನಾಲ್ಕು ದಿಕ್ಕಿಗೂ ನೀರು. ಚೆಕ್ಕುಬಂದಿ ಹೇಗೆ ಹಾಕುದು ಮಾರಾಯ್ತಿ?"

ಉಳಿದದ್ದು ಎರಡು. ಅತ್ತೆ ಅವಕ್ಕೆ ಮಾತಿನ ಆಟ, ಏಟಿನ ಆಟ ಎಂದು ಹೆಸರಿಟ್ಟರು. ಒಂದರಲ್ಲಿ ಎಲ್ಲರೂ ಪುಟಗಟ್ಟಲೆ ಮಾತಾಡುತ್ತಾರೆ. ಇನ್ನೊಂದರಲ್ಲಿ ಯಾರೂ ಮಾತಾಡುವುದಿಲ್ಲ, ಹೊಡೆಯುತ್ತಾರೆ.

ಇದೇ ಹೊತ್ತಿಗೆ ನನಗೆ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಈ ಸಲದ ಸಂದರ್ಶನದಲ್ಲಿ ಐದು ಜನ ಕೂತಿದ್ದರು. ನನ್ನ ಬಾಯಿ ಎಲ್ಲಿಯೂ ನಿಲ್ಲಲಿಲ್ಲ. ಅತ್ತೆ ಪಾಯಸ ಮಾಡಿದರು, ಬಡಿಸುತ್ತಲೇ ಹೇಳಿದರು: "ಇನ್ನು ಇವ್ಳು ಭಾನುವಾರ ಬರುದುಂಟಾ? ಪಾಠಕ್ಕೆ ತಯಾರಿ ಮಾಡ್ಬೇಕು, ಬಟ್ಟೆ ಒಗಿಬೇಕು. ನೀವು ಸುಮ್ನೆ ಏಟಿನದ್ದು ತರ್ಸಿ. ಯಾರೂ ಓದಿ ಹೇಳ್ಬೇಕಂತ ಇಲ್ಲ."

ಮಾವ ಪಾಯಸ ಇನ್ನೊಂದು ಸೌಟು ಹಾಕಿಸಿಕೊಂಡರು.

ನಾನು ಬಂದೇ ಬರುತ್ತೇನೆ, ಮಾತಿನದ್ದನ್ನೇ ತರಿಸಿ ಎಂದು ಹೇಳಬಹುದಿತ್ತು. ಆ ಭಾನುವಾರಗಳು ನಿಂತುಹೋಗುವುದು ನನಗೆ ಬೇಡವಾಗಿತ್ತು. ಆದರೆ ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಮನೆಗಳಲ್ಲಿಲ್ಲ. ಹೇಳುವ ಬದಲು ಎರಡು ಆಟಗಳ ಗುಣದೋಷಗಳ ಪಟ್ಟಿ ಮಾಡಿದೆ, ಗೆರೆ ಹಾಕಿ, ಅಚ್ಚುಕಟ್ಟಾಗಿ. ಪಕ್ಷಪಾತ ಮಾಡಬಾರದೆಂದು ಎಷ್ಟು ಎಚ್ಚರ ವಹಿಸಿದೆನೆಂದರೆ, ಪಟ್ಟಿಯಲ್ಲಿ ಏಟಿನ ಆಟವೇ ಗೆದ್ದಿತು!

ಮಾವ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಕಾಗದದಲ್ಲಿ ಸರಿ ಉಂಟು. ಸ್ಥಳ ತನಿಖೆ ಆಗ್ಬೇಕು," ಎಂದರು.

ಮೊದಲ ತನಿಖೆ ಬೆಳ್ತಂಗಡಿಯಲ್ಲಿ. ಅಲ್ಲಿಯ ಹಲ್ಲಿನ ಡಾಕ್ಟರೊಬ್ಬರು ಮಾತಿನ ಆಟ ಆಡಿದ್ದರೆಂದು ಸುದ್ದಿ ಸಿಕ್ಕಿತ್ತು. ಆಟದ ವಿಷಯ ಕೇಳಲು ಬಂದೆ ಎಂದರೆ ಒಳಗೆ ಬಿಟ್ಟಾರೆಯೇ? ಮಾವ ಚೀಟಿ ಮಾಡಿಸಿ, ಸಾಲಿನಲ್ಲಿ ಕೂತು, ಬಾಯಿ ತೆರೆದುಕೊಂಡೇ ವಿಚಾರಣೆ ನಡೆಸಿದರು.

"ಅದಾ? ಒಂದು ವಾರದಲ್ಲಿ ಬಿಟ್ಟೆ ಮಾರಾಯ್ರೆ," ಎಂದರು ಡಾಕ್ಟರು. "ಓದಿ ಓದಿ ತಲೆ ಕೆಟ್ಟೋಯ್ತು. ಒಂದು ಬಾಗಿಲು ತೆಗಿಲಿಕ್ಕೆ ಕಾವಲುಗಾರನ ಅಜ್ಜನ ಕಥೆ ಪೂರಾ ಕೇಳ್ಬೇಕು. ನಿಮ್ಮ ಈ ಹಲ್ಲು ಅಲುಗಾಡ್ತದೆ, ಗೊತ್ತುಂಟಾ?"

ಮಾವ ಹೊರಬಂದದ್ದು ಮಾಹಿತಿಯೊಂದಿಗೆ, ಒಂದು ಹಲ್ಲಿಲ್ಲದೆ. ದವಡೆಗೆ ಹತ್ತಿ ಒತ್ತಿಕೊಂಡು, ತುಂಬಾ ಖುಷಿಯಲ್ಲಿದ್ದರು. "ಕಾವಲುಗಾರನಿಗೆ ಅಜ್ಜ ಇದ್ದಾನಂತೆ," ಎಂದರು. ಅಜ್ಜ ಇದ್ದಾನೆಂದರೆ ವಂಶವೃಕ್ಷವಿದೆ, ವಂಶವೃಕ್ಷವಿದೆಯೆಂದರೆ ಹಕ್ಕುದಾರರಿದ್ದಾರೆ. ನನಗೆ ಸ್ವಲ್ಪ ಆಸೆ ಹುಟ್ಟಿತು.

ಎರಡನೆಯ ತನಿಖೆ ಮೂಡುಬಿದಿರೆಯಲ್ಲಿ. ಪುತ್ತಿಗೆಯಲ್ಲಿ ನನಗೊಂದು ಬಾಡಿಗೆ ಕೋಣೆ ನೋಡುವ ನೆಪದಲ್ಲಿ ಮಾವ ಜೊತೆಗೆ ಬಂದರು. ಕೋಣೆ ನೋಡಲು ಎರಡು ನಿಮಿಷ: "ಪೂರ್ವಕ್ಕೆ ಬಾವಿ, ಪಶ್ಚಿಮಕ್ಕೆ ಮನೆಯವರ ಕೊಟ್ಟಿಗೆ, ಒಳ್ಳೆದುಂಟು." ಅಲ್ಲಿಂದ ಪೇಟೆಯ ಸೈಬರ್ ಸೆಂಟರಿಗೆ. ಅಲ್ಲಿ ಎರಡು ಗಂಟೆ. ಸೆಂಟರಿನವರು ಏಟಿನ ಆಟವನ್ನು ಹಾಕಿ ತೋರಿಸಿದರು. ಬಣ್ಣವೆಂದರೆ ಬಣ್ಣ, ಬೆಂಕಿಯೆಂದರೆ ಬೆಂಕಿ! ವೀರ ಒಂದೇ ಬೀಸಿಗೆ ಏಳು ರಾಕ್ಷಸರನ್ನು ಉರುಳಿಸಿದಾಗ ಮಾವ ಕುರ್ಚಿಯಿಂದ ಎದ್ದೇ ನಿಂತರು. ಅವರ ಮುಖ ನೋಡಿ ನನ್ನ ಆಸೆ ಕೂತುಬಿಟ್ಟಿತು.

"ಇದರಲ್ಲಿ ಓದ್ಲಿಕ್ಕೆ ಎಷ್ಟುಂಟು?" ಎಂದು ಕೇಳಿದರು.

"ಎಂತ ಸಹ ಇಲ್ಲ ಸರ್. ಇಂಗ್ಲಿಷ್ ಬಾರದವರೂ ಆಡ್ಬಹುದು," ಎಂದರು ಸೆಂಟರಿನವರು, ಹೆಮ್ಮೆಯಿಂದ.

"ಹೌದಾ," ಎಂದು ಮಾವ ಕೂತರು.

ಬಸ್ಸಿನಲ್ಲಿ ಸಿದ್ಧಕಟ್ಟೆ ದಾಟುವವರೆಗೂ ಆ ಏಳು ರಾಕ್ಷಸರ ವರ್ಣನೆಯೇ ನಡೆಯಿತು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಶುಕ್ರವಾರ ಬಂತು. ಝೆರಾಕ್ಸ್ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಒಬ್ಬರಿಗೆ ಟಾರ್ಚು, ಒಬ್ಬರಿಗೆ ಸೆಂಟು, ಹಮೀದಾಕನ ಮನೆಯವರಿಗೆ ಹುಲಿಯ ಚಿತ್ರದ ಕಂಬಳಿ. ಹಮೀದಾಕ ರಿಸೀವರ್ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು.

"ಹುಲಿ ಒಂದೇ ಸಾಕಾ, ಮರಿಯೂ ಬೇಕಾ? ಸರಿ. ಇನ್ನು ಯಾರು? ನಮ್ಮ ರೈಟರು! ಬೇಗ ಹೇಳಿ ಮಾರಾಯ್ರೆ, ಅವ್ನ ಕಾರ್ಡು ಮುಗೀತದೆ."

ಮಾವ ಜೇಬಿನಿಂದ ನಾಲ್ಕಾಗಿ ಮಡಚಿದ ಚೀಟಿ ತೆಗೆದರು. ಫೋನಿನ ಹತ್ತಿರ ಹೋಗಲಿಲ್ಲ. ನನ್ನ ಕೈಗೆ ಕೊಟ್ಟರು.

"ಇಂಗ್ಲಿಷ್ ಹೆಸ್ರು. ನೀನೇ ಓದಿ ಹೇಳು."

ಬಿಡಿಸಿದೆ. ಪತ್ರಿಕೆ ನೋಡಿ ಬರೆದುಕೊಂಡದ್ದಿರಬೇಕು, ಇಂಗ್ಲಿಷ್ ಅಕ್ಷರಗಳು ಮುತ್ತಿನ ಹಾಗಿದ್ದವು. ಮಾತಿನ ಆಟದ ಹೆಸರು. ನಾನು ಅದನ್ನು ಎಷ್ಟು ಗಟ್ಟಿಯಾಗಿ ಓದಿದೆನೆಂದರೆ, ಫೋನಿಲ್ಲದಿದ್ದರೂ ದುಬೈಗೆ ಕೇಳಿಸುತ್ತಿತ್ತು ಎಂದು ಹಮೀದಾಕ ಬಹಳ ದಿನ ಹೇಳಿಕೊಂಡು ತಿರುಗಿದರು.

"ಹುಚ್ಚು," ಎಂದರು ಅತ್ತೆ, ಸುದ್ದಿ ತಿಳಿದಾಗ. "ಓದುವವರು ಯಾರು?"

"ಭಾನುವಾರ ಬಸ್ಸುಂಟಲ್ಲ," ಎಂದರು ಮಾವ.

ಪೆಟ್ಟಿಗೆ ಬಂತು. ಸಿಡಿಯ ಜೊತೆಗೆ ನಿಘಂಟಿನಷ್ಟು ದಪ್ಪದ ಪುಸ್ತಕವೊಂದು ಬಂದಿದೆ ಎಂದು ಮಾವ ಮೂಡುಬಿದಿರೆಗೆ ಫೋನ್ ಮಾಡಿ ತಿಳಿಸಿದರು. ಆ ಭಾನುವಾರ ನಾನು ತಡೆಯಲಾರದೆ ಮೊದಲ ಬಸ್ಸಿಗೇ ಹೊರಟೆ. ಮನೆ ಮುಟ್ಟಿದಾಗ ಹೊರಗೆ ಯಾರದೋ ಚಪ್ಪಲಿ ಇತ್ತು. ಒಳಗೆ ಮಾವ ಯಾರಿಗೋ ಏನೋ ಓದಿ ಹೇಳುತ್ತಿದ್ದರು.

ಇಂಗ್ಲಿಷಿನಲ್ಲಿ.

ಮೆಟ್ಟಿಲ ಮೇಲೇ ನಿಂತೆ. ನೆರಿಯದಿಂದ ಬಂದ ಮುದುಕರೊಬ್ಬರು ಮದ್ರಾಸ್ ಸರಕಾರದ ಕಾಲದ, ತುದಿ ಹರಿದ ಪತ್ರವೊಂದನ್ನು ತಂದಿದ್ದರು. ಮಾವ ಅದನ್ನು ಕಣ್ಣಿಗೆ ಹಿಡಿದು ಓದುತ್ತಿದ್ದರು. ಅರ್ಧ ಪುಟ ಉದ್ದದ ವಾಕ್ಯ. ಅದರ ಕೊನೆ ಮುಟ್ಟುವವರೆಗೆ ಎಲ್ಲಿಯೂ ತಡವರಿಸಲಿಲ್ಲ. ಮುಗಿಸಿ, ನಿಧಾನವಾಗಿ ತುಳುವಿನಲ್ಲಿ ಬಿಡಿಸಿ ಹೇಳಿದರು. ನನಗಿಂತ ಚೆನ್ನಾಗಿ ಹೇಳಿದರು.

"ಇಂಗ್ಲಿಷ್ ಪತ್ರ ಅಂದ್ರೆ ನಿಮ್ಮಲ್ಲಿಗೇ ಬರ್ಬೇಕು ರೈಟ್ರೆ," ಎಂದರು ಮುದುಕರು. "ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೇನೆ."

ನನಗೆ ಒಂದು ಹಳೆಯ ಭಾನುವಾರ ನೆನಪಾಯಿತು. ಮಾಟಗಾತಿಯ ದೀರ್ಘ ಶಾಪವೊಂದನ್ನು ಓದಿ ಹೇಳುವಾಗ, ಆಲಸ್ಯಕ್ಕೆ ನಾನೊಂದು ವಾಕ್ಯ ಹಾರಿಸಿದ್ದೆ. "ಒಂದು ಬಿಟ್ಟೆ," ಎಂದಿದ್ದರು ಮಾವ. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, ದಸ್ತಾವೇಜು ಬರೆಯುವವರು ಸಾಲು ಎಣಿಸುತ್ತಾರೆ ಎಂದಿದ್ದರು. ನಾನು ನಂಬಿದ್ದೆ.

ಮುದುಕರು ಹೋಗುವವರೆಗೆ ಬಾವಿಕಟ್ಟೆಯ ಹತ್ತಿರ ನಿಂತು, ಆಮೇಲೆ ಈಗಷ್ಟೇ ಬಂದವಳ ಹಾಗೆ ಒಳಗೆ ಹೋದೆ. ಮಾವ ಆಗಲೇ ಕಂಪ್ಯೂಟರಿನೆದುರು ಎರಡು ಕುರ್ಚಿ ಹಾಕಿದ್ದರು. ದಪ್ಪ ಪುಸ್ತಕವನ್ನು ನನ್ನ ಕಡೆ ಸರಿಸಿದರು.

"ಬಂದೆಯಾ? ನೋಡು, ಪೂರಾ ಇಂಗ್ಲಿಷ್. ನನ್ನಿಂದ ಆಗುವ ಕೆಲ್ಸ ಅಲ್ಲ ಇದು."

ಓದತೊಡಗಿದೆ. ಎರಡನೆಯ ಪುಟದಲ್ಲಿ, ಬೇಕೆಂದೇ, ಒಂದು ವಾಕ್ಯ ಬಿಟ್ಟೆ.

"ಒಂದು ಬಿಟ್ಟೆ," ಎಂದರು ಮಾವ.

"ನಿಮಗೆ ಹೇಗೆ ಗೊತ್ತಾಯ್ತು ಮಾವ?"

"ಸಾಲು ಎಣಿಸ್ತೇನಲ್ಲ." ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಒರೆಸಿ ಮುಗಿಯುವ ಹಾಗೆ ಕಾಣಲಿಲ್ಲ.

ನಾನು ಹಿಂದೆ ಹೋಗಿ, ಬಿಟ್ಟ ವಾಕ್ಯವನ್ನು ಅಡುಗೆಮನೆಯಲ್ಲಿದ್ದ ಅತ್ತೆಗೂ ಕೇಳುವ ಹಾಗೆ, ಜೋರಾಗಿ ಓದಿದೆ.