ಖಾಲಿ ಕುರ್ಚಿಗೆ ಬೈಯುವ ವೈನಿ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಜಗಳವಾಡುವುದು ಕುರ್ಚಿಗಳ ಜೊತೆ ಮಾತ್ರ. ಮನುಷ್ಯರೊಂದಿಗೆ ಅವರು ದನಿ ಏರಿಸಿದ್ದನ್ನು ನಾನಂತೂ ಕೇಳಿಲ್ಲ. ಹಾಲಿನವನು ನೀರು ಬೆರೆಸಿದರೂ "ಇವತ್ತ ಎಮ್ಮಿಗೆ ಭಾಳ ನೀರಡಿಕಿ ಆಗಿತ್ತೇನೋ" ಎಂದು ನಕ್ಕು ಸುಮ್ಮನಾಗುತ್ತಾರೆ. ಅದೇ ಒಂದು ಖಾಲಿ ಕುರ್ಚಿ ಕಂಡರೆ? ಸೆರಗು ಸಿಕ್ಕಿಸಿಕೊಂಡು ನಿಂತೇಬಿಡುತ್ತಾರೆ!

ಗಾಬರಿಯಾಗಬೇಡಿ, ಅವರ ತಲೆ ಸರಿಯಾಗಿಯೇ ಇದೆ. ಬೇರೆಯವರ ಮನಸ್ಸು ರಿಪೇರಿ ಮಾಡುವುದೇ ಅವರ ಉದ್ಯೋಗ. ದಾಂಡೇಲಿಯ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ದವಾಖಾನೆ. ಈ ವಿದ್ಯೆಗೆ ಸ್ಕೀಮಾ ಥೆರಪಿ ಎನ್ನುತ್ತಾರಂತೆ. ನನಗೆ ತಿಳಿದಷ್ಟು ಹೇಳುತ್ತೇನೆ: ಸಣ್ಣವರಿದ್ದಾಗ ಯಾರೋ "ನೀನು ದಡ್ಡ", "ನೀನು ಯಾರಿಗೂ ಬೇಡ" ಎಂದಿರುತ್ತಾರೆ. ಅಂದವರು ಮರೆತರೂ ಆ ಮಾತು ನಮ್ಮೊಳಗೆ ಖಾಯಂ ಬಾಡಿಗೆದಾರನಾಗಿ ಕೂತು, ತಲೆ ನರೆತ ಮೇಲೂ ಗದರುತ್ತಿರುತ್ತದೆ. ವೈನಿ ಆ ಗದರುವವನನ್ನು ಎಳೆತಂದು ಎದುರಿನ ಖಾಲಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಬಂದವರು ಅವನಿಗೆ ಎದುರುತ್ತರ ಕೊಡಬೇಕು. ಬಾಯಿ ಬರದಿದ್ದರೆ ಮೊದಲು ವೈನಿಯೇ ಅವರ ಪರವಾಗಿ ಕೊಡುತ್ತಾರೆ.

"ಖಾಲಿ ಕುರ್ಚಿಗೆ ಬೈಯೂದು ಕಲಿಯಾಕ ಇಷ್ಟು ವರ್ಷ ಓದಬೇಕಿತ್ತಾ? ನನಗ ಕೇಳಿದ್ರ ಕಲಿಸ್ತಿದ್ನಲ್ಲ!" ಎನ್ನುವುದು ನಮ್ಮವ್ವನ ತಕರಾರು.

ಸ್ಕೀಮಾ ಎಂಬ ಹೆಸರಿನದೇ ಒಂದು ಫಜೀತಿ. ವೈನಿ ಮಂಗಳವಾರಗಳಲ್ಲಿ ಮುಂಡಗೋಡಿಗೆ ಹೋಗಿ ಅಲ್ಲಿಯೂ ದವಾಖಾನೆ ನಡೆಸುತ್ತಾರೆ. ಒಮ್ಮೆ ನಾನೇ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದೆ. ಸನವಳ್ಳಿಯ ಹೆಂಗಸೊಬ್ಬಳು ರೇಷನ್ ಕಾರ್ಡಿನ ಝೆರಾಕ್ಸು, ಎರಡು ಫೋಟೋ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಅಕ್ಕಾರ, ನಿಮ್ಮ ಸ್ಕೀಮಿನಾಗ ನಮ್ಮ ಹೆಸರೂ ಹಚ್ಚರಿ. ಕುರ್ಚಿ ಕೊಡ್ತಾರಂತಲ್ಲ?"

"ಕುರ್ಚಿ ಕೊಡಂಗಿಲ್ಲವಾ, ಕುರ್ಚಿ ಮ್ಯಾಲ ಕೂಡಸ್ತೀವಿ."

"ಅಷ್ಟರೆ ಆಗ್ಲಿ ಬಿಡ್ರಿ" ಎಂದು ಒಳಗೆ ಹೋದಳು. ಹೊರಬರುವಾಗ ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಹಗುರಾಗಿತ್ತು. ಹೊಸ್ತಿಲಲ್ಲಿ ನಿಂತು ಕೇಳಿದಳು: "ಮುಂದಿನ ಕಂತು ಯಾವಾಗ್ರಿ?"

ಆಮೇಲೆ ಬಂದದ್ದು ಮಿಸ್ತ್ರಿಯ ಪ್ರಸಂಗ. ನಮ್ಮೂರಿನ ಬೈಕ್ ಮೆಕ್ಯಾನಿಕ್ ಆತ, ಕೈಚಳಕದಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಕೆಲಸ ಮುಗಿಸಿದ ಎಂಜಿನ್ನನ್ನು ಮತ್ತೆ ಬಿಚ್ಚುವ ಚಾಳಿ! ಕೊಟ್ಟ ಗಾಡಿ ವಾಪಸು ಬರುತ್ತಿರಲಿಲ್ಲ, ಅವನಿಗೂ ನಿದ್ದೆ ಬರುತ್ತಿರಲಿಲ್ಲ. ತೀರಿಹೋದ ಅವನ ಅಪ್ಪ ಚಿಕ್ಕಂದಿನಲ್ಲಿ "ನಿನ್ನ ಕೈಯಾಗ ಬರಕತ್ತಿಲ್ಲ, ಹಿಡದ ಕೆಲಸ ಒಂದೂ ನೆಟ್ಟಗ ಆಗಂಗಿಲ್ಲ" ಎನ್ನುತ್ತಿದ್ದರಂತೆ. ಇದನ್ನೆಲ್ಲ ವೈನಿ ಹೇಳಿದರೆಂದು ತಿಳಿಯಬೇಡಿ, ಅವರು ಸತ್ತರೂ ಬಾಯಿ ಬಿಡುವವರಲ್ಲ. ಹೇಳಿದ್ದು ಸ್ವತಃ ಮಿಸ್ತ್ರಿ, ಗ್ಯಾರೇಜಿನಲ್ಲಿ, ನಾಲ್ಕು ಜನ ಕೇಳುವಂತೆ!

ವೈನಿ ಅವನ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದ್ದೇ ತಡ, ಮಿಸ್ತ್ರಿ ದಡಕ್ಕನೆ ಎದ್ದು ಸಲಾಂ ಹೊಡೆದು, ಹೆಗಲ ಮೇಲಿನ ಬಟ್ಟೆಯಿಂದ ಕುರ್ಚಿ ಒರೆಸಿ, ಕೈಕಟ್ಟಿ ನಿಂತನಂತೆ.

"ಕೂಡ್ರಿ ಮಿಸ್ತ್ರಿ, ಮಾತಾಡೂಣು."

"ತೋಬಾ ತೋಬಾ! ನಮ್ಮ ಅಬ್ಬಾ ಕೂತಾರ ಮೇಡಂ, ಅಪ್ಪನ ಮುಂದ ನಾ ಹೆಂಗ ಕೂಡ್ಲಿ?"

ಅಂಥವನು ಎದುರುತ್ತರ ಕೊಡುವುದುಂಟೇ? ಕೊನೆಗೆ ವೈನಿಯೇ ಎದ್ದು ನಿಂತರು. ಕಿಟಕಿ ತೆರೆದಿತ್ತು, ಇಡೀ ಓಣಿಗೆ ಕೇಳಿಸಿತು. "ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಹಗಲೆಲ್ಲಾ ದುಡದು ಬಂದವರಿಗೆ ಹಿಂಗ ಅಂತಾರೇನು? ಇನ್ನೊಮ್ಮೆ ಅಂದೀರಿ, ನೋಡ್ರಿ ಮತ್ತ!"

ಓಣಿಯವರು ತಿಳಿದದ್ದೇನು? ವೈನಿ ನಮ್ಮಣ್ಣನಿಗೆ ಬೈಯುತ್ತಿದ್ದಾರೆಂದು! ಅಣ್ಣ ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಕಾಳಿ ಹೊಳೆಯ ಸೆಳವಿನಲ್ಲಿ ಇಳಿಸುವ ಗಂಡು. ಪಕ್ಕದ ಮನೆಯ ಕಾಕಾ ಅವನ ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ಮನ್ಯಾಗ ತ್ರಾಸ ಆದ್ರ ನಮ್ಮಲ್ಲಿಗೆ ಊಟಕ್ಕ ಬಾರಪಾ" ಎಂದರು.

"ನನಗಲ್ರೀ ಕಾಕಾ, ಆಕಿ ಬೈಯೂದು ಕುರ್ಚಿಗೆ."

ಕಾಕಾ ಅವನ ಮುಖವನ್ನು ಬಹಳ ಹೊತ್ತು ನೋಡಿ, ಮನೆಗೆ ಹೋಗಿ ಹೆಂಡತಿಗೆ ಹೇಳಿದರಂತೆ: "ಪಾಪ, ಹುಡುಗನ ತಲಿ ಕೆಟ್ಟೈತಿ."

ನಾವೆಲ್ಲ ನಕ್ಕೆವು, ವೈನಿ ನಗಲಿಲ್ಲ. ಮಿಸ್ತ್ರಿ ಮರುವಾರ ಬರಲಿಲ್ಲ, ಅದರ ಮರುವಾರವೂ ಇಲ್ಲ. ಗ್ಯಾರೇಜಿಗೆ ಬೀಗ, ಫೋನು ಬಂದ್. (ಮುಂದೆ ಬಂದ ಬಿಡಿ, ಗೋವೆಯ ತಂಗಿಯ ಮನೆಗೆ ಹೋಗಿದ್ದನಂತೆ. ಆದರೆ ಆಗ ಅದು ನಮಗಾರಿಗೂ ಗೊತ್ತಿರಲಿಲ್ಲ.) ತೀರಿಹೋದ ಅಪ್ಪನನ್ನು ಅವನೆದುರೇ ಬೈದು, ಮಾಗದ ಗಾಯಕ್ಕೆ ಕೈ ಹಾಕಿದೆನೇ ಎಂಬ ಚಿಂತೆ ವೈನಿಯನ್ನು ಹಿಡಿಯಿತು. ಮಂಗಳವಾರ ಮುಂಡಗೋಡಿಗೂ ಹೋಗಲಿಲ್ಲ.

ಅಂದು ಸಂಜೆ ಅವರು ಮುಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದರು. ಅವ್ವ ಚಹಾ ತಂದಿಟ್ಟಳು.

"ಅತ್ತಿ, ಇದನ್ನ ಬಿಟ್ಟಬಿಡ್ತೀನಿ. ನನ್ನ ಕೈಲೆ ಏನೂ ಆಗಂಗಿಲ್ಲ."

"ಯಾರಂದ್ರು ಹಂಗ?"

ವೈನಿ ತಡೆದು ತಡೆದು ಹೇಳಿದರು. ತಾಯಿ ತೀರಿಕೊಂಡ ಮೇಲೆ ಅವರು ಬೆಳೆದದ್ದು ಹಳಿಯಾಳದ ನೆಂಟರ ಮನೆಯಲ್ಲಿ. ಕೊಡ ಎತ್ತಿದರೂ, ರೊಟ್ಟಿ ಬಡಿದರೂ, ಪರೀಕ್ಷೆಯಲ್ಲಿ ಮೊದಲು ಬಂದರೂ ಅಲ್ಲಿ ಕೇಳಿದ್ದು ಒಂದೇ ಮಾತಂತೆ: "ನಿನ್ನ ಕೈಲೆ ಏನೂ ಆಗಂಗಿಲ್ಲ." ಈ ಮನೆಗೆ ಬಂದು ಇಷ್ಟು ವರ್ಷವಾದರೂ ನಮಗಾರಿಗೂ ಇದು ಗೊತ್ತಿರಲಿಲ್ಲ. ನಾನು ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳುತ್ತಿದ್ದೆ.

ಅವ್ವ ಸೆರಗು ಸಿಕ್ಕಿಸಿಕೊಂಡು ಖಾಲಿ ಕುರ್ಚಿಯ ಕಡೆ ತಿರುಗಿದಳು.

"ಏಯ್! ಯಾರಿಗೆ ಏನಂತಿ? ಈಕಿ ನಮ್ಮ ಮನಿ ಸೊಸಿ. ಅಳಕೋತ ಬಂದವರು ನಕ್ಕೋತ ಹೋಗೂದು ನಾ ಈ ಕಣ್ಣಿಲೆ ನೋಡೀನಿ. ಇನ್ನೊಮ್ಮೆ ಬಾಯಿ ತಗದಿ, ನಾಲಿಗಿ ಕಿತ್ತ ಕೈಯಾಗ ಕೊಡ್ತೀನಿ! ನಡಿ ಹೊರಗ!"

ಆಮೇಲೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತು, ವೈನಿಯ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಅವಾಗ ನಾ ಅಲ್ಲಿ ಇದ್ದಿಲ್ಲ, ತಂಗಿ. ಈಗ ಅದೀನಿ."